ರೋಮಿನ ಕಂಚಿನ ಕಾಸುಗಳೂ ಅವುಗಳ ಮೇಲಣ ಚಿತ್ರಗಳೂ

ನಿಮ್ಮ ಮನೆಯ ಹಳೆಯ ಮರದ ಪೆಟ್ಟಿಗೆಯಲ್ಲಿಯೋ ದೇವರ ಗೂಡಿನಲ್ಲಿಯೋ ಹಿರಿಯರ ಕಾಲದ ತಾಮ್ರದ ಕಾಸುಗಳಿದ್ದರೆ ಅವುಗಳಲ್ಲಿ ಒಂದನ್ನು ಕೈಗೆ ತೆಗೆದುಕೊಂಡು ನೋಡಿರಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದಾದರೆ ಅದರ ಮೇಲೆ ಆನೆಯೋ ಸಿಂಹವೋ ಇರುತ್ತದೆ. ‘ಮಯಿಲಿ ಕಾಸು’ ಎಂಬ ಕನ್ನಡ ಬರಹವೂ ಇರಬಹುದು. ಟಿಪ್ಪುವಿನ ತಾಮ್ರದ ಕಾಸಾದರೆ ಅದರಲ್ಲಿಯೂ ಆನೆಯೇ. ಸಂತೆಯಲ್ಲಿ ಉಪ್ಪು ಮೆಣಸು ಕೊಳ್ಳುತ್ತಿದ್ದ ಅಕ್ಷರ ಬಾರದ ರೈತನಿಗೆ ಆ ಬರಹ ಕೇವಲ ಗೀರುಗಳಂತೆ ಕಂಡಿರಬೇಕು. ಆನೆ ಮಾತ್ರ ಹಾಗಲ್ಲ. ಇದು ಅರಸನ ಕಾಸು, ಇದಕ್ಕೆ ಅರಸನ ಬಲವಿದೆ ಎಂಬ ಮಾತನ್ನು ಅದು ಬಾಯಿಲ್ಲದೆಯೇ ಅವನಿಗೆ ಹೇಳುತ್ತಿತ್ತು.

ಚಿನ್ನದ ನಾಣ್ಯ ಧನಿಕನ ಪೆಟ್ಟಿಗೆಯಲ್ಲಿ ಕುಳಿತಿರುತ್ತದೆ. ತಾಮ್ರದ ಕಾಸಾದರೋ ದಿನಕ್ಕೆ ಹತ್ತು ಕೈಗಳನ್ನು ದಾಟುತ್ತದೆ. ಆದುದರಿಂದ ಆಳುವವರು ಪ್ರಜೆಗಳಿಗೆ ಏನನ್ನಾದರೂ ತಿಳಿಸಬೇಕೆಂದಿದ್ದರೆ ಅದಕ್ಕೆ ತಾಮ್ರ, ಕಂಚು, ಹಿತ್ತಾಳೆಗಳ ಚಿಲ್ಲರೆ ಕಾಸಿಗಿಂತ ಉತ್ತಮವಾದ ಸಾಧನ ಪ್ರಾಚೀನ ಕಾಲದಲ್ಲಿ ಇರಲಿಲ್ಲ. ಈ ಸಾಧನವನ್ನು ಪ್ರಪಂಚದಲ್ಲಿ ಅತ್ಯಂತ ಜಾಣ್ಮೆಯಿಂದ ಬಳಸಿಕೊಂಡವರು ರೋಮನರು. ಅವರ ಕಂಚಿನ ಕಾಸುಗಳ ವಿಚಾರವನ್ನೂ, ಅವುಗಳಿಗೂ ನಮ್ಮ ನಾಡಿಗೂ ಇರುವ ಸಂಬಂಧವನ್ನೂ ಪ್ರಕೃತ ಲೇಖನದಲ್ಲಿ ನಿಮ್ಮ ಮುಂದಿಡಲು ಬಯಸುತ್ತೇನೆ.

ರೋಮ್ ಎಲ್ಲಿ, ಕನಕಪುರ ಸೀಮೆಯ ಸಾತನೂರು ಎಲ್ಲಿ ಎಂದು ನೀವು ಕೇಳಬಹುದು. ನಕ್ಷೆಯನ್ನು ಬಿಡಿಸಿ ನೋಡಿರಿ. ಸಾತನೂರಿನಿಂದ ಪೂರ್ವಕ್ಕೆ ಹೊರಟರೆ ಕನಕಪುರ, ಪಶ್ಚಿಮಕ್ಕೆ ಹಲಗೂರು ಮಳವಳ್ಳಿಗಳು, ಉತ್ತರಕ್ಕೆ ಚನ್ನಪಟ್ಟಣ, ದಕ್ಷಿಣದ ಕಾಡಿನಾಚೆ ಮುತ್ತತ್ತಿ ಮತ್ತು ಕಾವೇರಿ. ನಂದಿಬೆಟ್ಟದ ಕಡೆಯಿಂದ ಇಳಿದು ಬಂದ ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಮೇಕೆದಾಟಿನ ಕಲ್ಲಿನ ಕಮರಿ. ಅದನ್ನು ದಾಟಿದ ನೀರು ಮೆಟ್ಟೂರು, ಈರೋಡುಗಳನ್ನು ಹಾದು ಕರೂರಿನ ಸಮೀಪಕ್ಕೆ ಹೋಗುತ್ತದೆ. ಆ ಕರೂರು ಪ್ರಾಚೀನ ಚೇರರ ರಾಜಧಾನಿ. ಅಲ್ಲಿನ ಅಮರಾವತಿ ನದಿಯ ಮರಳಿನಲ್ಲಿ ರೋಮಿನ ನಾಣ್ಯಗಳು, ಬೆಳ್ಳಿಯವೂ ತಾಮ್ರದವೂ, ಬಹುಸಂಖ್ಯೆಯಲ್ಲಿ ದೊರೆತಿವೆ. ಎಂದರೆ ಸಾತನೂರಿನ ಹಳ್ಳಗಳ ಮಳೆಯ ನೀರು ಹರಿದು ಹೋಗುವ ದಾರಿಯ ಬದಿಯಲ್ಲಿಯೇ ರೋಮಿನ ಕಂಚಿನ ಕಾಸು ಚಲಾವಣೆಯಲ್ಲಿತ್ತು. ಮೇಕೆದಾಟಿನ ಕಮರಿಯಲ್ಲಿ ದೋಣಿ ಹೋಗಲಾರದೆಂಬುದು ನಿಮಗೆ ತಿಳಿದೇ ಇದೆ. ನೀರಿಗೆ ಇದ್ದ ದಾರಿ ಸರಕಿಗೆ ಇರಲಿಲ್ಲ. ಸರಕು ನೆಲದ ಮೇಲೆಯೇ ಸಾಗಬೇಕಾಗಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ‘ಸಾತನೂರು’ ಎಂಬ ಹೆಸರಿನ ಮೊದಲೆರಡು ಅಕ್ಷರಗಳನ್ನು ಹಿಡಿದು ಅದನ್ನು ಶಾತವಾಹನರವರೆಗೆ ಎಳೆದುಕೊಂಡು ಹೋಗುವ ಚಾಪಲ್ಯ ಯಾರಿಗಾದರೂ ಉಂಟಾಗಬಹುದು. ಅದು ಸಲ್ಲದು. ಇದೇ ಹೆಸರಿನ ಊರುಗಳು ಮಂಡ್ಯದ ಕಡೆಯಲ್ಲಿಯೂ ತಮಿಳುನಾಡಿನಲ್ಲಿಯೂ ಇವೆ. ಹೆಸರಿನ ಹೋಲಿಕೆಯೊಂದನ್ನೇ ಇತಿಹಾಸವೆಂದು ಒಪ್ಪಿಕೊಳ್ಳುವಂತಿಲ್ಲ. ಆದರೆ ಆ ಕಾಲದಲ್ಲಿ ಈ ಸೀಮೆ ನಿರ್ಜನವಾಗಿರಲಿಲ್ಲ. ಸಾವನದುರ್ಗದ ತಪ್ಪಲಿನ ಬೃಹತ್ ಶಿಲಾಗೋರಿಗಳ ವಿಷಯವನ್ನು ಬ್ರಾನ್‌ಫಿಲ್ ಎಂಬ ಅಧಿಕಾರಿ ೧೮೮೧ರಷ್ಟು ಹಿಂದೆಯೇ ಪ್ರಕಟಿಸಿದ್ದಾನೆ.

ಇನ್ನು ನಮ್ಮ ಕನ್ನಡ ನಾಡಿನಲ್ಲಿಯೇ ದೊರೆತ ರೋಮನ್ ನಾಣ್ಯಗಳ ಸಂಗತಿ. ಬೆಂಗಳೂರಿನ ಯಶವಂತಪುರದಲ್ಲಿ ೧೮೯೧ರಲ್ಲಿ ೧೬೩ ಬೆಳ್ಳಿಯ ನಾಣ್ಯಗಳ ನಿಧಿ ದೊರೆಯಿತು. ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ ೧೯೬೫ರಲ್ಲಿ ೨೫೬ ಬೆಳ್ಳಿಯ ನಾಣ್ಯಗಳು ಸಿಕ್ಕಿದುವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ೧೯೨೯ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರೂ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದಾಗ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ಶಾತವಾಹನರ ಕಾಲದ ಪದರಗಳಲ್ಲಿ ಕಂಡುಬಂದುವು. ಹಾನಗಲ್ಲು ತಾಲ್ಲೂಕಿನ ಅಕ್ಕಿ ಆಲೂರಿನಲ್ಲಿ ದೊರೆತದ್ದು ಚಿನ್ನ; ಅದರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಿಂದ ಆಳಿದ ೫ ಮತ್ತು ೬ನೆಯ ಶತಮಾನಗಳ ಅರಸರ ನಾಣ್ಯಗಳೂ ಸೇರಿವೆ.

ಬೆಳ್ಳಿ ದೊರೆಯಿತು, ಚಿನ್ನ ದೊರೆಯಿತು. ನಮ್ಮಲ್ಲಿ ಹೆಸರಾದ ಈ ನಿಧಿಗಳಲ್ಲಿ ಕಂಚಿನ ಕಾಸು ಏಕಿಲ್ಲ ಎಂದು ವಿಚಾರವಂತರಾದ ನೀವು ಕೇಳಿಯೇ ಕೇಳುತ್ತೀರಿ. ಉತ್ತರ ತಿಳಿಯಬೇಕಾದರೆ ರೋಮನರ ಹಣದ ಲೆಕ್ಕವನ್ನು ಸ್ವಲ್ಪ ನೋಡಬೇಕು.

ಅತ್ಯಂತ ಹಳೆಯ ಕಾಲದಲ್ಲಿ ರೋಮನರು ದನಗಳಲ್ಲಿಯೇ ಸಂಪತ್ತನ್ನು ಎಣಿಸುತ್ತಿದ್ದರು. ಅವರ ಭಾಷೆಯಲ್ಲಿ ಹಣಕ್ಕಿರುವ ‘ಪೆಕ್ಯೂನಿಯ’ ಎಂಬ ಮಾತು ದನವೆಂಬ ಅರ್ಥದ ‘ಪೆಕಸ್’ ಎಂಬುದರಿಂದ ಬಂದದ್ದು. ನಮ್ಮಲ್ಲಿ ‘ಧನ’ವೂ ‘ದನ’ವೂ ಎಷ್ಟು ಹತ್ತಿರದ ಮಾತುಗಳೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಳಿಕ ಕಂಚಿನ ಗಟ್ಟಿಗಳು ಬಂದುವು. ಅವುಗಳಲ್ಲಿ ಕೆಲವದರ ಮೇಲೆ ಎತ್ತಿನ ಚಿತ್ರವೇ ಇದೆ. ಅನಂತರ ಎರಕ ಹೊಯ್ದ ದೊಡ್ಡ ದೊಡ್ಡ ಕಂಚಿನ ಬಿಲ್ಲೆಗಳು. ‘ಆಸ್’ ಎಂಬ ಆ ಬಿಲ್ಲೆಯ ಒಂದು ಕಡೆ ಮುಂದಕ್ಕೂ ಹಿಂದಕ್ಕೂ ನೋಡುವ ಎರಡು ಮುಖಗಳ ಜೇನಸ್ ದೇವತೆ, ಇನ್ನೊಂದು ಕಡೆ ಹಡಗಿನ ಮೂತಿ. ಬೀದಿಯ ಹುಡುಗರು ಕಾಸು ಚಿಮ್ಮಿ ಆಡುವಾಗ ನಾವು ರಾಜನೋ ರಾಣಿಯೋ ಎಂದು ಕೇಳುವಂತೆ ಅವರು ‘ತಲೆಯೋ ಹಡಗೋ’ ಎಂದು ಕೂಗುತ್ತಿದ್ದರಂತೆ.

ಕ್ರಿ.ಪೂ. ೨೩ರ ಸುಮಾರಿಗೆ ಆಗಸ್ಟಸ್ ಈ ವ್ಯವಸ್ಥೆಯನ್ನು ತಿದ್ದಿದನು. ಚಿನ್ನದ ಒಂದು ಆರಿಯಸ್ಸಿಗೆ ಬೆಳ್ಳಿಯ ೨೫ ಡಿನೇರಿಯಸ್. ಒಂದು ಡಿನೇರಿಯಸ್ಸಿಗೆ ಹಿತ್ತಾಳೆಯ ೪ ಸೆಸ್ಟರ್ಷಿಯಸ್. ಒಂದು ಸೆಸ್ಟರ್ಷಿಯಸ್ಸಿಗೆ ತಾಮ್ರದ ೪ ಆಸ್. ನಾವು ರೂಢಿಯಾಗಿ ‘ಕಂಚಿನ ಕಾಸು’ ಎಂದು ಕರೆದರೂ ಇವುಗಳಲ್ಲಿ ದೊಡ್ಡವು ತಾಮ್ರಕ್ಕೆ ಸತುವು ಬೆರೆತ ಹೊಂಬಣ್ಣದ ಹಿತ್ತಾಳೆ, ಸಣ್ಣವು ಕೆಂಪು ತಾಮ್ರ. ಆಸ್ ನಮ್ಮ ಹಳೆಯ ತೂಕದಲ್ಲಿ ಹತ್ತಿರ ಹತ್ತಿರ ಒಂದು ತೊಲ ತೂಗುತ್ತಿತ್ತು. ಸೆಸ್ಟರ್ಷಿಯಸ್ ಎರಡು ತೊಲಕ್ಕೂ ಮಿಗಿಲು, ಅಂಗೈಯ ನಡುಭಾಗವನ್ನು ತುಂಬುವಷ್ಟು ಅಗಲ. ಪಾಂಪೆಯ ಒಂದು ಪಾನಗೃಹದ ಗೋಡೆಯ ಬರಹದಿಂದ, ಒಂದು ಆಸ್ ಕೊಟ್ಟರೆ ಸಾಧಾರಣ ದ್ರಾಕ್ಷಾರಸವೂ ನಾಲ್ಕು ಕೊಟ್ಟರೆ ಅತ್ಯುತ್ತಮವಾದದ್ದೂ ಸಿಗುತ್ತಿತ್ತೆಂದು ತಿಳಿಯುತ್ತದೆ. ಮಠದ ಪತ್ರಿಕೆಯಲ್ಲಿ ಇಂತಹ ಉದಾಹರಣೆಯನ್ನು ಕೊಟ್ಟುದಕ್ಕೆ ಓದುಗರು ಮನ್ನಿಸಬೇಕು; ಗೋಡೆಯ ಮೇಲೆ ಬರೆದವನು ಅದನ್ನೇ ಬರೆದಿದ್ದಾನೆ.

ಕಂಚಿನ ಕಾಸುಗಳ ಹಿಂಬದಿಯಲ್ಲಿ ‘ಎಸ್. ಸಿ.’ ಎಂಬ ಎರಡು ದೊಡ್ಡ ಅಕ್ಷರಗಳು ಮತ್ತೆ ಮತ್ತೆ ಕಾಣಿಸುತ್ತವೆ. ‘ಹಿರಿಯರ ಸಭೆಯ ತೀರ್ಮಾನದಂತೆ’ ಎಂದು ಅವುಗಳ ಅರ್ಥ. ಚಿನ್ನ ಬೆಳ್ಳಿಗಳಿಗೆ ಲೋಹದ ಬೆಲೆಯೇ ಬಹುಪಾಲು ಬೆಲೆ. ಹಿತ್ತಾಳೆಯ ಕಾಸಿಗಾದರೋ ರೋಮ್ ಕೊಟ್ಟ ಮಾತೇ ಬೆಲೆ. ಆ ಮಾತು ನಡೆಯುವ ಗಡಿಯನ್ನು ದಾಟಿದ ಕೂಡಲೇ ಸೆಸ್ಟರ್ಷಿಯಸ್ ಬರಿಯ ಎರಡು ತೊಲ ಹಿತ್ತಾಳೆ. ಕಡಲು ದಾಟಿ ಬಂದ ವರ್ತಕನು ಮೆಣಸು, ಮುತ್ತು, ಪಚ್ಚೆಗಳಿಗಾಗಿ ಅದನ್ನು ಕೊಡಬಂದರೆ ನಮ್ಮ ಸೆಟ್ಟಿಗಳು ಏಕೆ ತೆಗೆದುಕೊಂಡಾರು? ಅವರಿಗೆ ಬೇಕಾದದ್ದು ಉರೆಗಲ್ಲಿಗೆ ಉಜ್ಜಿ ನೋಡಬಹುದಾದ ಬೆಳ್ಳಿ, ಚಿನ್ನ. ಚಿಲ್ಲರೆಗೆ ನಮ್ಮಲ್ಲಿಯೇ ಸೀಸದ ಕಾಸುಗಳಿದ್ದುವು. ಭಾರತವು ಪ್ರತಿವರ್ಷ ಸಾಮ್ರಾಜ್ಯದಿಂದ ೫ ಕೋಟಿ ಸೆಸ್ಟರ್ಷಿಯಸ್ಸುಗಳನ್ನು ಸೆಳೆದುಕೊಳ್ಳುತ್ತದೆಂದು ಹಿರಿಯ ಪ್ಲಿನಿ ದೂರಿರುವುದು ಪ್ರಸಿದ್ಧವಾಗಿದೆ. ಅವನು ಎಣಿಸಿದ್ದು ಹಿತ್ತಾಳೆಯ ಲೆಕ್ಕದಲ್ಲಿ, ನಮ್ಮವರು ಪಡೆದದ್ದು ಬೆಳ್ಳಿ ಚಿನ್ನಗಳ ರೂಪದಲ್ಲಿ. ಆ ಮೊತ್ತ ಬೆಳ್ಳಿಯ ೧ ಕೋಟಿ ೨೫ ಲಕ್ಷ ಡಿನೇರಿಯಸ್ಸುಗಳಿಗೆ ಸಮ.

ಕನ್ನಡ ನಾಡಿನ ಒಳಭಾಗವೂ ಈ ವ್ಯಾಪಾರದಲ್ಲಿ ಪಾಲುಗೊಂಡಿತ್ತು. ೨ನೆಯ ಶತಮಾನದ ಭೂಗೋಳಕಾರ ಟಾಲಮಿ ಬನವಾಸಿಯನ್ನು ಹೆಸರಿಸಿದ್ದಾನೆ; ಪುನ್ನಾಟವನ್ನೂ ಹೆಸರಿಸಿ, ಅಲ್ಲಿ ವೈಡೂರ್ಯವರ್ಗದ ಬೆರಿಲ್ ರತ್ನ ದೊರೆಯುವುದೆಂದು ಬರೆದಿದ್ದಾನೆ. ಆ ಪುನ್ನಾಟವೆಂದರೆ ಕಪಿಲಾ ಕಾವೇರಿಗಳ ನಡುವಿನ ನಮ್ಮ ಪುನ್ನಾಡೆಂದು ವಿದ್ವಾಂಸರು ಗುರುತಿಸಿದ್ದಾರೆ. ರೋಮಿನ ‘ಡಿನೇರಿಯಸ್’ ನಮ್ಮ ಸಂಸ್ಕೃತದಲ್ಲಿ ‘ದೀನಾರ’ವಾಗಿ ನಿಂತಿತು, ಗ್ರೀಕರ ‘ದ್ರಾಖ್ಮ’ ನಮ್ಮ ಶಾಸನಗಳಲ್ಲಿ ‘ದ್ರಮ್ಮ’ವಾಯಿತು.

ಇನ್ನು ಚಿತ್ರಗಳಿಗೆ ಬರೋಣ.

ಎರಡು ಉಕ್ಕಿನ ಅಥವಾ ಗಟ್ಟಿ ಕಂಚಿನ ಅಚ್ಚುಗಳ ನಡುವೆ ಕಾಸಿದ ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಹೊಡೆಯುವುದು ಇವುಗಳನ್ನು ಮಾಡುವ ಕ್ರಮ. ಕೆಳಗಿನ ಅಚ್ಚಿನಲ್ಲಿ ಚಕ್ರವರ್ತಿಯ ಮುಖ, ಮೇಲಿನದರಲ್ಲಿ ಬೇರೊಂದು ಚಿತ್ರ. ಮುಖಗಳನ್ನು ಕೆತ್ತಿದವರು ಮುಖಸ್ತುತಿಗೆ ಅಷ್ಟಾಗಿ ಸೋತವರಲ್ಲವೆಂಬುದು ಗಮನಾರ್ಹ. ನೀರೋ ಚಕ್ರವರ್ತಿ ಮೊದಲ ನಾಣ್ಯಗಳಲ್ಲಿ ಬಾಲಕ. ವರ್ಷ ಕಳೆದಂತೆ ಅವನ ಕೊರಳು ದಪ್ಪವಾಗುತ್ತದೆ, ಗಲ್ಲ ಇಳಿಬೀಳುತ್ತದೆ. ವೆಸ್ಪಾಸಿಯನ್ನನ ತಲೆ ಬೋಳು, ಹಣೆಯ ತುಂಬ ಸುಕ್ಕು. ಪುರಾಣದ ದೇವತೆಯಂತೆ ಕಾಣದೆ, ನೆರೆಮನೆಯ ಹಿರಿಯ ಗೌಡನಂತೆ ಕಾಣುತ್ತಾನೆ.

ಹಿಂಬದಿಯ ಚಿತ್ರಗಳೇ ನಿಜವಾದ ಗ್ರಂಥಭಂಡಾರ. ನೀರೋವಿನ ಒಂದು ಸೆಸ್ಟರ್ಷಿಯಸ್ಸಿನಲ್ಲಿ ಓಸ್ಟಿಯ ಬಂದರನ್ನು ಆಕಾಶದಿಂದ ನೋಡಿದಂತೆ ಕೆತ್ತಿದ್ದಾರೆ. ಕಮಾನಾಗಿ ಬಾಗಿದ ಕಟ್ಟೆಗಳ ನಡುವೆ ಹಾಯಿ ಕಟ್ಟಿದ ಹಡಗುಗಳು, ಹಾಯಿ ಇಳಿಸಿದವು, ಕೆಳಗೆ ಒರಗಿ ಕುಳಿತ ಕಡಲ ದೇವತೆ, ಎಲ್ಲವೂ ಆ ಅಂಗೈಯಗಲದಲ್ಲಿ. ಮತ್ತೊಂದರಲ್ಲಿ ಜೇನಸ್ ದೇವಾಲಯದ ಮುಚ್ಚಿದ ಬಾಗಿಲುಗಳು. ಯುದ್ಧವಿರುವಾಗ ಆ ಬಾಗಿಲು ತೆರೆದಿರಬೇಕು, ಶಾಂತಿಯಿದ್ದರೆ ಮಾತ್ರ ಮುಚ್ಚಬೇಕೆಂಬುದು ಅಲ್ಲಿನ ಸಂಪ್ರದಾಯ. ಟೈಟಸ್ಸನ ೮೦ರ ಸುಮಾರಿನ ಕಾಸಿನಲ್ಲಿ ಆಗತಾನೆ ಪ್ರಾರಂಭವಾದ ಕೊಲೊಸಿಯಂ ಎಂಬ ಮಹಾರಂಗ, ಒಳಗೆ ಕಿಕ್ಕಿರಿದ ಜನರ ತಲೆಗಳೆಲ್ಲ ಚುಕ್ಕಿಗಳಾಗಿ ಕಾಣುತ್ತವೆ. ಆಂಟೊನೈನಸ್ ಪಯಸ್ಸನ ಕಾಸೊಂದರಲ್ಲಿ ಆನೆಯಿದೆ. ನಮ್ಮ ಮೈಸೂರಿನ ಆನೆ ರಾಜ್ಯದ ಬಲವನ್ನು ಸೂಚಿಸಿದರೆ ಅಲ್ಲಿನ ಆನೆ ಚಕ್ರವರ್ತಿ ತನ್ನ ಔದಾರ್ಯದಿಂದ ಜನರಿಗೆ ಏರ್ಪಡಿಸಿದ ಪ್ರದರ್ಶನವನ್ನು ಸೂಚಿಸುತ್ತದೆ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಪ್ರಿಯವಾದವು ಬೇರೆ ಮೂರು ಕಾಸುಗಳು. ರೈತಾಪಿ ಮನೆತನಗಳಿಂದ ಬಂದ ನಮ್ಮ ಓದುಗರಿಗೂ ಅವು ಪ್ರಿಯವಾದಾವೆಂದು ಭಾವಿಸುತ್ತೇನೆ.

ಮೊದಲನೆಯದು ಟೈಬೀರಿಯಸ್ಸನದು. ಕ್ರಿ.ಶ. ೧೭ರಲ್ಲಿ ಏಷ್ಯಾ ಪ್ರಾಂತದ ಹನ್ನೆರಡು ಪಟ್ಟಣಗಳು ಒಂದೇ ರಾತ್ರಿಯ ಭೂಕಂಪದಿಂದ ನೆಲಸಮವಾದುವು. ಚಕ್ರವರ್ತಿ ಅವುಗಳಿಗೆ ಹಣ ಕೊಟ್ಟು ಐದು ವರ್ಷ ತೆರಿಗೆಯನ್ನು ಬಿಟ್ಟನು. ಆ ಪಟ್ಟಣಗಳನ್ನು ಮತ್ತೆ ಎತ್ತಿ ನಿಲ್ಲಿಸಲಾಯಿತೆಂಬ ಬರಹದೊಡನೆ ಅವನು ಕುಳಿತಿರುವ ಕಾಸು ಹೊರಬಂದಿತು. ಇದೇ ಟೈಬೀರಿಯಸ್ಸನ ಬೆಳ್ಳಿಯ ನಾಣ್ಯವೇ ಚಂದ್ರವಳ್ಳಿಯಲ್ಲಿ ದೊರೆತದ್ದು.

ಎರಡನೆಯದು ನರ್ವನದು, ಕ್ರಿ.ಶ. ೯೭ರದ್ದು. ಸರ್ಕಾರದ ಟಪಾಲಿಗೂ ಅಧಿಕಾರಿಗಳ ಪ್ರಯಾಣಕ್ಕೂ ಇಟಲಿಯ ಹಳ್ಳಿಗರು ಬಂಡಿಗಳನ್ನೂ ಪ್ರಾಣಿಗಳನ್ನೂ ಒದಗಿಸಬೇಕಾಗಿತ್ತು. ಬಿಟ್ಟಿ ಬೇಗಾರಿ ಎಂದರೆ ಏನೆಂಬುದು ನಮ್ಮ ಹಿರಿಯರಿಗೆ ಗೊತ್ತಿದ್ದ ಸಂಗತಿಯೇ. ನರ್ವನು ಆ ಹೊರೆಯನ್ನು ಇಟಲಿಯಲ್ಲಿ ತೆಗೆದುಹಾಕಿದನು. ಅದನ್ನು ಸಾರಲು ಅವನು ತನ್ನ ಪ್ರತಿಮೆಯನ್ನಾಗಲಿ ಯಾವ ದೇವತೆಯನ್ನಾಗಲಿ ಕೆತ್ತಿಸಲಿಲ್ಲ. ನೊಗ ಕಳಚಿದ ಎರಡು ಹೇಸರಗತ್ತೆಗಳು ತಲೆ ತಗ್ಗಿಸಿ ಹುಲ್ಲು ಮೇಯುತ್ತಿವೆ. ಹಿಂದೆ ಬಂಡಿಯ ಮೂಕಿ ಮೇಲಕ್ಕೆದ್ದು ನಿಂತಿದೆ. ಅಷ್ಟೇ ಚಿತ್ರ. ಹಳ್ಳಿಗನಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿರಲಿಲ್ಲ.

ಮೂರನೆಯದು ಹೇಡ್ರಿಯನ್ನನದು. ೧೧೮ರಲ್ಲಿ ಅವನು ಸರ್ಕಾರಕ್ಕೆ ಬರಬೇಕಾಗಿದ್ದ ೯೦ ಕೋಟಿ ಸೆಸ್ಟರ್ಷಿಯಸ್ಸುಗಳ ಹಳೆಯ ಬಾಕಿಯನ್ನು ಮನ್ನಾ ಮಾಡಿದನು. ಬಾಯಿಮಾತಿನ ಮನ್ನಾ ನಾಳೆ ಮರಳಿ ವಸೂಲಿಗೆ ಬರಬಹುದು. ಆದುದರಿಂದ ಸಾಲದ ಪತ್ರಗಳನ್ನೆಲ್ಲ ರೋಮಿನ ಬಯಲಿನಲ್ಲಿ ಎಲ್ಲರ ಕಣ್ಣೆದುರಿಗೆ ಸುಡಿಸಿದನು. ಕಾಸಿನ ಮೇಲೆ ರಾಜಭಟನೊಬ್ಬ ರಾಶಿ ಹಾಕಿದ ಪತ್ರಗಳಿಗೆ ಪಂಜನ್ನು ಹಿಡಿದಿದ್ದಾನೆ. ಪ್ಲಿನಿ ಹೇಳಿದ, ಭಾರತಕ್ಕೆ ವರ್ಷವೊಂದಕ್ಕೆ ಹೋಗುವ ಹಣದ ಹದಿನೆಂಟು ಪಾಲು ಆ ಬೆಂಕಿಯಲ್ಲಿ ಹೋಯಿತು.

ಆದರೆ ಇವನ್ನು ಮಾತ್ರ ನೋಡಿ ರೋಮನರು ಕರುಣಾಳುಗಳೆಂದು ಬಗೆದರೆ ನಾವು ಕಾಸನ್ನು ಕೊಟ್ಟವನ ಮಾತನ್ನೇ ನಂಬಿದಂತಾಗುತ್ತದೆ. ೭೦ರಲ್ಲಿ ಜೆರೂಸಲೇಮ್ ನಗರ ನಾಶವಾಯಿತು, ಯೆಹೂದ್ಯರ ದೇವಾಲಯ ಸುಟ್ಟುಹೋಯಿತು. ಮರುವರ್ಷ ವೆಸ್ಪಾಸಿಯನ್ನನು ಹೊರಡಿಸಿದ ಸೆಸ್ಟರ್ಷಿಯಸ್ಸಿನಲ್ಲಿ ಒಂದು ಖರ್ಜೂರದ ಮರ, ಅದರ ಬುಡದಲ್ಲಿ ಕೈಯ ಮೇಲೆ ತಲೆಯನ್ನೂರಿ ಅಳುತ್ತ ಕುಳಿತ ಒಬ್ಬ ಹೆಂಗಸು. ‘ಜುಡೇಯ ಸೆರೆಸಿಕ್ಕಿತು’ ಎಂದು ಬರಹ. ಒಂದು ಜನಾಂಗದ ದುಃಖವನ್ನು ಗೆದ್ದವರು ಚಿಲ್ಲರೆ ಕಾಸಿನ ಮೇಲೆ ಅಚ್ಚೊತ್ತಿ, ರೊಟ್ಟಿ ಕೊಳ್ಳುವಾಗ ಕೈಯಿಂದ ಕೈಗೆ ದಾಟಿಸಿದರು. ಕೆತ್ತಿದವನ ಕೈ ಮಾತ್ರ ಸುಳ್ಳು ಹೇಳಿಲ್ಲ. ಇಂದು ಆ ಕಾಸನ್ನು ನೋಡುವವನ ಮನಸ್ಸು ಅಳುತ್ತಿರುವ ಹೆಂಗಸಿನ ಕಡೆಗೇ ಹೋಗುತ್ತದೆ.

ನಮ್ಮ ಓದುಗರಲ್ಲಿ ಅನೇಕರಿಗೆ ಕುತೂಹಲವನ್ನುಂಟುಮಾಡುವ ಇನ್ನೊಂದು ಬಗೆಯ ಕಾಸುಗಳಿವೆ. ಸಿರಿಯದ ಎಮೆಸ ಎಂಬ ಪಟ್ಟಣದಲ್ಲಿ ಸೂರ್ಯದೇವತೆಯನ್ನು ಶಂಕುವಿನಾಕಾರದ ಕಪ್ಪು ಶಿಲೆಯ ರೂಪದಲ್ಲಿ ಪೂಜಿಸುತ್ತಿದ್ದರು. ಇತಿಹಾಸದಲ್ಲಿ ಎಲಗಬಾಲಸ್ ಎಂದು ಕರೆಯಲ್ಪಡುವ, ಅಲ್ಲಿನ ಅರ್ಚಕ ಮನೆತನದ ಬಾಲಕನೇ ೨೧೮ರಲ್ಲಿ ರೋಮಿನ ಚಕ್ರವರ್ತಿಯಾಗಿ ಆ ಶಿಲೆಯನ್ನು ರೋಮಿಗೆ ಒಯ್ದನು. ನಾಲ್ಕು ಕುದುರೆಗಳ ರಥದಲ್ಲಿ ಶಿಲೆ ಕುಳಿತಿರುವ ಚಿತ್ರ ಅವನ ನಾಣ್ಯಗಳಲ್ಲಿದೆ. ೨೫೩ರ ಸುಮಾರಿಗೆ ಎಮೆಸದಲ್ಲಿಯೇ ಅಚ್ಚಾದ ಕಂಚಿನ ಕಾಸಿನಲ್ಲಿ ಕಂಬಗಳ ದೇಗುಲದೊಳಗೆ ಆ ಶಿಲೆ ಕಾಣುತ್ತದೆ. ಸೈಪ್ರಸ್ ದ್ವೀಪದ ಪೇಫಾಸಿನ ದೇವಾಲಯದ ಕಾಸುಗಳಲ್ಲಿಯೂ ಮೂರ್ತಿಯಿಲ್ಲ, ಮೊನೆಯುಳ್ಳ ಒಂದು ಕಲ್ಲಷ್ಟೇ ಇದೆ. ಇವನ್ನು ನೋಡಿದೊಡನೆ ‘ಇದೋ, ರೋಮಿನಲ್ಲಿಯೂ ಲಿಂಗಪೂಜೆಯಿತ್ತು’ ಎಂದು ಕೆಲವರು ಉತ್ಸಾಹದಿಂದ ಹೇಳುವುದುಂಟು. ನಾನು ಇದನ್ನು ಒಪ್ಪಲಾರೆ. ಎಮೆಸದವರು ಅದನ್ನು ಆಕಾಶದಿಂದ ಬಿದ್ದ ಸೂರ್ಯನ ಚಿಹ್ನೆಯೆಂದರು, ಪೇಫಾಸಿನವರು ಪ್ರೇಮದೇವತೆಯೆಂದರು. ನಿರಾಕಾರಕ್ಕೆ ಸಮೀಪವಾದ ಕುರುಹನ್ನು ಹಿಡಿದು ಪೂಜಿಸುವ ಬುದ್ಧಿ ಹಲವು ನಾಡುಗಳಲ್ಲಿತ್ತೆಂಬಷ್ಟನ್ನು ಹೇಳಬಹುದು. ಆಕಾರದ ಹೋಲಿಕೆ ಅದಕ್ಕಿಂತ ಹೆಚ್ಚಿನದಕ್ಕೆ ಸಾಕ್ಷಿಯಾಗದು. ನಮ್ಮ ಇಷ್ಟಲಿಂಗದ ತತ್ತ್ವಕ್ಕೆ ಸಿರಿಯದ ಕಾಸಿನ ಆಸರೆ ಬೇಕಾಗಿಲ್ಲ.

೩ನೆಯ ಶತಮಾನದಲ್ಲಿ ಸಾಮ್ರಾಜ್ಯ ಕುಸಿಯತೊಡಗಿದಾಗ ನಾಣ್ಯವೂ ಕುಸಿಯಿತು. ಬೆಳ್ಳಿ ಹೋಗಿ ಬೆಳ್ಳಿಯ ಲೇಪ ಉಳಿಯಿತು. ಅಂಗೈ ತುಂಬುತ್ತಿದ್ದ ಹಿತ್ತಾಳೆ ಮಾಯವಾಗಿ ಉಗುರಗಲದ ಕಂಚು ಬಂದಿತು. ಕಾನ್‌ಸ್ಟಂಟೈನ್ ಮತ್ತು ಅವನ ಮಕ್ಕಳ ಕಾಲದಲ್ಲಿ ಚಿತ್ರಗಳೂ ಬದಲಾದುವು. ಧ್ವಜಗಳ ಇಕ್ಕೆಲಗಳಲ್ಲಿ ನಿಂತ ಇಬ್ಬರು ಸೈನಿಕರು. ಅವಳಿ ಮಕ್ಕಳಿಗೆ ಹಾಲೂಡುವ ತೋಳ, ಅದು ರೋಮಿನ ಹುಟ್ಟಿನ ಕಥೆ. ೩೪೮ರಿಂದ ಹೊರಬಂದ ಕಾಸುಗಳಲ್ಲಿ ರೋಮಿನ ಸೈನಿಕನು ಕುದುರೆಯಿಂದ ಉರುಳಿದ ಶತ್ರುವನ್ನು ಈಟಿಯಿಂದ ತಿವಿಯುತ್ತಿದ್ದಾನೆ. ‘ಸುಖದ ಕಾಲ ಮರಳಿ ಬಂದಿತು’ ಎಂದು ಸುತ್ತಲೂ ಬರೆದಿದೆ. ಕಾಸು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದ್ದರೂ ಬರಹ ಮಾತ್ರ ಹಾಗೆಯೇ ಉಳಿಯಿತು. ಕೊಳ್ಳುವವನಿಗೆ ಯಾವುದು ನಿಜವೆಂಬುದು ತಿಳಿದೇ ಇದ್ದಿರಬೇಕು. ಶತಮಾನದ ಕೊನೆಗೆ ರೆಕ್ಕೆಯುಳ್ಳ ವಿಜಯದೇವತೆ ಸೆರೆಯಾಳನ್ನು ಎಳೆದೊಯ್ಯುತ್ತಿರುವ ಚಿತ್ರ, ಪಕ್ಕದಲ್ಲಿ ಕ್ರೈಸ್ತ ಚಿಹ್ನೆ. ಹಳೆಯ ದೇವತೆಯೂ ಹೊಸ ಮತದ ಗುರುತೂ ಒಂದೇ ಬಿಲ್ಲೆಯಲ್ಲಿ ನಿಂತಿವೆ.

ದಕ್ಷಿಣ ಭಾರತಕ್ಕೆ ಹೇರಳವಾಗಿ ಬಂದದ್ದು ಈ ಸಣ್ಣ ಕಂಚು. ಕರೂರು, ಮಧುರೆ, ತಿರುಕ್ಕೋಯಿಲೂರುಗಳಲ್ಲಿ ದೊರೆತವನ್ನು ‘ದಿನಮಲರ್’ ಪತ್ರಿಕೆಯ ಸಂಪಾದಕರೂ ನಾಣ್ಯಶಾಸ್ತ್ರಜ್ಞರೂ ಆಗಿದ್ದ ಆರ್. ಕೃಷ್ಣಮೂರ್ತಿಯವರು ಪರಿಶೀಲಿಸಿ ಪುಸ್ತಕವಾಗಿ ಪ್ರಕಟಿಸಿದರು. ರಾಮನಾಥಪುರದ ಕಡಲತೀರದ ಅಳಗನ್‌ಕುಳದ ಉತ್ಖನನದಲ್ಲಿ ಎರಡನೆಯ ವ್ಯಾಲೆಂಟಿನಿಯನ್, ಥಿಯೋಡೋಸಿಯಸ್, ಆರ್ಕೇಡಿಯಸ್ ಇವರ ಕಾಸುಗಳು ದೊರೆತಿವೆ. ಶ್ರೀಲಂಕೆಯಲ್ಲಂತೂ ಅವು ಸಾವಿರಗಟ್ಟಲೆ.

ಮೊದಲ ಶತಮಾನದಲ್ಲಿ ಬೇಡವಾಗಿದ್ದ ಕಂಚು ೪, ೫ನೆಯ ಶತಮಾನಗಳಲ್ಲಿ ಏಕೆ ಬೇಕಾಯಿತು? ಚೇರ, ಪಾಂಡ್ಯರ ಹಳೆಯ ತಾಮ್ರದ ಕಾಸುಗಳು ಆ ಹೊತ್ತಿಗೆ ನಿಂತುಹೋಗಿದ್ದುವು; ಸಂತೆಯ ಚಿಲ್ಲರೆಗೆ ಏನಾದರೂ ಬೇಕಾಗಿತ್ತು. ಆಗ ಕಾಸಿನ ಮೇಲಿದ್ದ ರೋಮಿನ ಮಾತು ಯಾರಿಗೂ ಬೇಕಾಗಲಿಲ್ಲ. ಒಂದೇ ಅಳತೆಯ, ಎಣಿಸಲು ಸುಲಭವಾದ ತಾಮ್ರದ ತುಣುಕಾಗಿಯೇ ಅದು ನಡೆಯಿತೆಂಬ ಅಭಿಪ್ರಾಯ ನನಗೆ ಸರಿಯೆಂದು ತೋರುತ್ತದೆ. ಇದಕ್ಕೆ ಲಂಕೆಯಲ್ಲಿ ಒಳ್ಳೆಯ ಸಾಕ್ಷ್ಯವಿದೆ. ಹೊರಗಿನಿಂದ ಬಂದ ಕಾಸು ಸಾಲದಾದಾಗ ಅಲ್ಲಿಯವರು ಅದನ್ನು ನೋಡಿ ತಾವೇ ಅಚ್ಚು ಹಾಕಿದರು. ಆ ಅನುಕರಣೆಗಳಲ್ಲಿ ಚಕ್ರವರ್ತಿಯ ಮುಖ ಕೆಲವು ಗೆರೆಗಳಾಗಿದೆ, ಲ್ಯಾಟಿನ್ ಅಕ್ಷರಗಳು ಬರಿಯ ಕಡ್ಡಿಗಳಾಗಿವೆ. ನಮ್ಮ ಓದು ಬಾರದ ರೈತನಿಗೆ ಕಂಡಂತೆಯೇ ಅವರಿಗೂ ಬರಹ ಗೀರುಗಳಾಗಿ ಕಂಡಿತು.

ಚಿತ್ರವನ್ನು ಎರವಲು ಪಡೆದವರು ತಮಗೆ ಬೇಕಾದ ಅರ್ಥವನ್ನು ತುಂಬಿಕೊಳ್ಳುವುದು ನಮ್ಮಲ್ಲಿಯೂ ನಡೆದಿದೆ. ತೆಲಂಗಾಣದ ಕೊಂಡಾಪುರದಲ್ಲಿ ಟೈಬೀರಿಯಸ್ಸನ ನಾಣ್ಯದ ಅಚ್ಚನ್ನು ಮಣ್ಣಿನಲ್ಲಿ ಒತ್ತಿ ಸುಟ್ಟ ಬಿಲ್ಲೆಗಳು ಸಿಕ್ಕಿವೆ. ಅವು ಕೊರಳಿಗೆ ಕಟ್ಟುವ ಆಭರಣಗಳು. ಎಷ್ಟೋ ಶತಮಾನಗಳ ಬಳಿಕ ವೆನಿಸ್ಸಿನ ಚಿನ್ನದ ಡ್ಯೂಕಟ್ ಇಲ್ಲಿಗೆ ಬಂದಾಗ ಅದರ ಮೇಲೆ ನಿಂತ ಸಂತನನ್ನೂ ಅವನೆದುರು ಮಂಡಿಯೂರಿದ ಅಧಿಪತಿಯನ್ನೂ ನಮ್ಮವರು ರಾಮ ಸೀತೆಯರೆಂದು ತಿಳಿದು ಪುತ್ತಳಿಯ ಸರ ಮಾಡಿಸಿಕೊಂಡರು. ನಿಮ್ಮ ಅಜ್ಜಿಯರಲ್ಲಿ ಯಾರಾದರೂ ಅದನ್ನು ಧರಿಸಿದ್ದಿರಬಹುದು.

ನಮ್ಮ ಚಿಲ್ಲರೆ ಕಾಸು ಆ ಕಾಲದಲ್ಲಿ ಹೇಗಿತ್ತೆಂಬುದನ್ನೂ ಹೇಳಬೇಕು. ಚಿತ್ರದುರ್ಗದ ಕಡೆಯಲ್ಲಿ ಆಳಿದ ಸದಕಣ ಮನೆತನದ ಮಹಾರಠಿಗಳ ಸೀಸದ ಕಾಸುಗಳ ಒಂದು ಕಡೆ ಇಣಿಯುಳ್ಳ ಹೋರಿ, ಮತ್ತೊಂದು ಕಡೆ ಕಟಾಂಜನದೊಳಗಿನ ಮರ ಮತ್ತು ಬೆಟ್ಟದ ಕುರುಹು. ಅರಸನ ಮುಖವಿಲ್ಲ, ಯುದ್ಧವಿಲ್ಲ, ಕಟ್ಟಡವಿಲ್ಲ. ರೋಮಿನ ಕಾಸು ಈ ವರ್ಷ ಏನು ನಡೆಯಿತೆಂದು ಸಾರಿದರೆ, ನಮ್ಮ ಕಾಸು ವರ್ಷವನ್ನೇ ಹೇಳುವುದಿಲ್ಲ. ಅದರಿಂದಲೇ ಹೇಡ್ರಿಯನ್ನನು ಯಾವ ವರ್ಷ ಸಾಲದ ಪತ್ರ ಸುಟ್ಟನೆಂಬುದನ್ನು ನಾವು ಬಲ್ಲೆವು. ಮಹಾರಠಿಯು ಯಾವ ವರ್ಷ ಪಟ್ಟವೇರಿದನೆಂಬುದಕ್ಕೆ ಪದರಗಳನ್ನು ಅಗೆಯಬೇಕಾಯಿತು. ಚಂದ್ರವಳ್ಳಿಯಲ್ಲಿ ಟೈಬೀರಿಯಸ್ಸನ ನಾಣ್ಯ ದೊರೆತುದರ ನಿಜವಾದ ಬೆಲೆ ಇಲ್ಲಿದೆ. ಅವನು ಆಳಿದ್ದು ೧೪ರಿಂದ ೩೭ರವರೆಗೆ. ಅವನ ನಾಣ್ಯ ಯಾವ ಪದರದಲ್ಲಿದೆಯೋ ಆ ಪದರ ೧೪ಕ್ಕಿಂತ ಹಳೆಯದಾಗಿರಲಾರದು. ಅದರ ಜೊತೆಯಲ್ಲಿರುವ ಮಡಕೆ, ಮಣಿ, ಸೀಸದ ಕಾಸುಗಳಿಗೆಲ್ಲ ಅದೊಂದು ಕಾಲದ ಗೂಟ. ಅದನ್ನು ಯಾರೋ ಮೊದಲೇ ಕಿತ್ತು ಪೇಟೆಯಲ್ಲಿ ಮಾರಿದ್ದರೆ ಅದು ಕಾಲು ತೊಲಕ್ಕೂ ಸ್ವಲ್ಪ ಹೆಚ್ಚಿನ ಬೆಳ್ಳಿಯಾಗುತ್ತಿತ್ತು, ಅಷ್ಟೇ.

ಈ ಕಾರಣದಿಂದ ಒಂದು ಮಾತನ್ನು ನಿಮ್ಮಲ್ಲಿ ವಿಶೇಷವಾಗಿ ಅರಿಕೆ ಮಾಡಿಕೊಳ್ಳಬೇಕಾಗಿದೆ. ಮಠದ ಪ್ರಸಾದನಿಲಯದಲ್ಲಿದ್ದು ಓದಿದ ನೀವು ಅನೇಕರು ಉಪಾಧ್ಯಾಯರಾಗಿ, ಗ್ರಾಮಲೆಕ್ಕಿಗರಾಗಿ, ಇಂಜಿನಿಯರುಗಳಾಗಿ ಹಳ್ಳಿಗಳ ನಡುವೆ ಕೆಲಸ ಮಾಡ���ವವರು. ಬಾವಿ ತೋಡುವಾಗ, ಕೆರೆಯ ಹೂಳೆತ್ತುವಾಗ, ರಸ್ತೆಗೆ ಮಣ್ಣು ಅಗೆಯುವಾಗ ಹಸಿರು ಕಿಲುಬು ಹಿಡಿದ ಬಿಲ್ಲೆಗಳು ದೊರೆತರೆ ನಮ್ಮ ಜನ ಮೊದಲು ಮಾಡುವ ಕೆಲಸ ಹುಣಸೆಹಣ್ಣು ಬೂದಿಗಳಿಂದ ತಿಕ್ಕುವುದು. ಚೊಂಬು ತಂಬಿಗೆಗಳಿಗೆ ಅದು ಸರಿ. ಹಳೆಯ ಕಾಸಿನ ವಿಷಯದಲ್ಲಿ ಆ ಹಸಿರು ಪದರವೇ ಚಿತ್ರವನ್ನು ಹಿಡಿದಿಟ್ಟಿರುವ ಚರ್ಮ. ಹುಣಸೆಯ ಹುಳಿ ಆ ಪದರವನ್ನು ಕರಗಿಸಿದರೆ ಅದರೊಡನೆ ಮುಖವೂ ಅಕ್ಷರವೂ ಹೋಗುತ್ತವೆ. ಉಳಿಯುವುದು ಕೆಂಪಗೆ ಹೊಳೆಯುವ, ಯಾವುದಕ್ಕೂ ಬಾರದ ಬಿಲ್ಲೆ. ಎರಡನೆಯ ಕೆಲಸ ಅದನ್ನು ಹಳೆಯ ತಾಮ್ರ ಕೊಳ್ಳುವವನಿಗೆ ತೂಕಕ್ಕೆ ಹಾಕುವುದು. ಬೆಳ್ಳಿ ಚಿನ್ನಗಳ ನಿಧಿ ಸಿಕ್ಕರೆ ಊರೇ ಮಾತನಾಡುತ್ತದೆ, ಸುದ್ದಿ ಸರ್ಕಾರದವರೆಗೂ ಹೋಗುತ್ತದೆ. ತಾಮ್ರದ ಸುದ್ದಿ ಕುಲುಮೆಯಾಚೆ ಹೋಗುವುದಿಲ್ಲ. ನಮ್ಮ ನಾಡಿನ ಕಂಚಿನ ಕಾಸುಗಳ ಲೆಕ್ಕ ಬಡವಾಗಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಹಾಗೆ ದೊರೆತ ಪಕ್ಷದಲ್ಲಿ ತೊಳೆಯದೆ, ಉಜ್ಜದೆ, ಒಣಗಿದ ಕಾಗದದಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ ಸುತ್ತಿಡಿರಿ. ಯಾವ ಹೊಲ, ಎಷ್ಟು ಆಳ, ಮಡಕೆಯೊಳಗಿತ್ತೇ ಬಿಡಿಯಾಗಿತ್ತೇ, ಜೊತೆಯಲ್ಲಿ ಬೋಕಿಗಳು, ಮಣಿಗಳು, ಬೂದಿ ಇದ್ದುವೇ ಎಂಬುದನ್ನು ಅಂದೇ ಬರೆದಿಡಿರಿ. ಮಡಕೆಯ ಚೂರುಗಳನ್ನೂ ಎಸೆಯಬೇಡಿರಿ. ನಿಧಿಗಳಿಗೆ ಸಂಬಂಧಿಸಿದಂತೆ ನಮ್ಮ ರಾಜ್ಯದಲ್ಲಿ ೧೯೬೨ರ ಕಾಯಿದೆಯಿದೆ. ಅದರಂತೆ ಜಿಲ್ಲಾಧಿಕಾರಿಗಳಿಗೆ ಬರವಣಿಗೆಯಲ್ಲಿ ತಿಳಿಸಬೇಕು. ತಹಸೀಲ್ದಾರರ ಕಚೇರಿಗೆ ಮೊದಲು ಹೋದರೂ ದಾರಿ ತೋರಿಸುತ್ತಾರೆ. ಮೈಸೂರಿನಲ್ಲಿರುವ ರಾಜ್ಯ ಪುರಾತತ್ತ್ವ ಇಲಾಖೆಗೂ ಒಂದು ಪತ್ರ ಬರೆಯಿರಿ; ಬಿಲ್ಲೆಯ ಎರಡು ಬದಿಗಳ ಭಾವಚಿತ್ರವನ್ನು ಪಕ್ಕದಲ್ಲಿ ಅಳತೆಯ ಪಟ್ಟಿಯನ್ನಿಟ್ಟು ತೆಗೆದು ಜೊತೆಗೆ ಕಳುಹಿಸಿರಿ. ಉಗುರಗಲದ ಕಾಸನ್ನು ಬಿಸಿಲಿಗೆ ಓರೆಯಾಗಿ ಹಿಡಿದರೆ ಮಬ್ಬಾದ ಗೆರೆಗಳು ನೆರಳಿನಿಂದ ಎದ್ದು ಕಾಣುತ್ತವೆ. ಬೆಳಗಿನ ಎಂಟು ಗಂಟೆಯ ಎಳೆಬಿಸಿಲು ಅದಕ್ಕೆ ಅನುಕೂಲ.